ಮಲಗುವ ಚೀಲದಲ್ಲಿ ಕೂತ ಹೆಣ

"ಮಲಗಸ್ರಿ ಅದನ್ನ. ಒತ್ತಿ ಮಲಗಸ್ರಿ," ಎಂದ ಸಿದ್ದಲಿಂಗ, ಮೂಗಿಗೆ ಕರ್ಚೀಫು ಹಿಡಿದುಕೊಂಡೇ.

ಹೆಣ ಮಲಗಲು ಒಪ್ಪಲಿಲ್ಲ. ಅಫಜಲಪುರದ ಹೊರಗಿನ ಗೋದಾಮಿನಲ್ಲಿ, ಸಿಮೆಂಟು ನೆಲದ ಮೇಲೆ ಬಿಳಿ ಚೀಲದ ಚೈನು ಪೂರ್ತಿ ಬಿಚ್ಚಿತ್ತು. ಒಳಗೆ ಒಬ್ಬ ಮುದುಕ ಚಕ್ಕಳಮಕ್ಕಳ ಹಾಕಿಕೊಂಡ ಹಾಗೆಯೇ ಬಿಗಿದುಕೊಂಡು ಪಕ್ಕಕ್ಕೆ ಉರುಳಿದ್ದ. ಆಳುಗಳು ಮಂಡಿ ಒತ್ತಿದರೆ ತಲೆ ಮೇಲೇಳುತ್ತಿತ್ತು, ತಲೆ ಒತ್ತಿದರೆ ಮಂಡಿ ಏಳುತ್ತಿತ್ತು.

"ಯಾರೂ ಮುಟ್ಟಬ್ಯಾಡ್ರಿ!" ಇನ್‌ಸ್ಪೆಕ್ಟರ್ ಶಿವಗಂಗಾ ಗದರಿದಳು. ಆಳುಗಳು ಕೈ ಬಿಟ್ಟು ಹಿಂದೆ ಸರಿದರು.

ಯುದ್ಧ ಬಂದರೆ ಸತ್ತವರನ್ನು ಎಲ್ಲಿ ಹಾಕಬೇಕು ಎಂಬ ಸರ್ಕಾರಿ ಯೋಜನೆಯ ಮಾಕ್ ಡ್ರಿಲ್ ನಿನ್ನೆಯಷ್ಟೇ ಮುಗಿದಿತ್ತು. ಹೊಟ್ಟು ತುಂಬಿ ಹೂತಿದ್ದ ಚೀಲಗಳ ನಡುವೆ ಇವತ್ತು ಬೆಳಿಗ್ಗೆ ಈ ಒಂದು ಚೀಲ ಮಾತ್ರ ಖರೆ ಹೆಣದ್ದಾಗಿತ್ತು.

ಚೀಲಗಳನ್ನು ಅಗೆದು ತೆಗೆದದ್ದಾದರೂ ಏಕೆ? ಮುಂದಿನ ವಾರ ಆಳಂದದ ಡ್ರಿಲ್ಲಿಗೆ ಅವೇ ಬೇಕಂತೆ! ತೊಳೆದು, ಒಣಗಿಸಿ, ಮತ್ತೆ ಹೂಳುವುದಂತೆ. ಆ ಜಿಪುಣತನ ಇಲ್ಲದಿದ್ದರೆ ಮುದುಕ ಗುಂಡಿಯಲ್ಲೇ ಉಳಿದುಬಿಡುತ್ತಿದ್ದ.

ಸಿದ್ದಲಿಂಗ ಈ ಯೋಜನೆಯ ವಿಶೇಷಾಧಿಕಾರಿ. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ತೂಗುವ ಗುರುತಿನ ಚೀಟಿ. ಅವನ ಬಾಯಲ್ಲಿ ಹೆಣ ಎಂಬ ಮಾತೇ ಬರುತ್ತಿರಲಿಲ್ಲ, 'ಘಟಕ' ಎನ್ನುತ್ತಿದ್ದ. ಆಳಂದದಲ್ಲಿ ಚೀಲದ ದಾಸ್ತಾನು, ಜೇವರ್ಗಿಯಲ್ಲಿ ತಂಪು ಪೆಟ್ಟಿಗೆಯ ಲಾರಿ, ಅಫಜಲಪುರದ ದನ ಮೇಯುವ ಗೈರಾಣದಲ್ಲಿ ಗುಂಡಿ. ಮೂರು ತಾಲೂಕಿಗೆ ಸಾವನ್ನು ಹಂಚಿಕೊಟ್ಟವನು ತಾನೇ ಎಂದು ಅವನಿಗೆ ಭಾರೀ ಹೆಮ್ಮೆ.

"ನಿನ್ನಿ ಈ ಚೀಲ ಹೊತ್ತವ್ರಿಗಿ ತೂಕ ಗೊತ್ತಾಗ್ಲಿಲ್ಲೇನ್ರಿ?" ಶಿವಗಂಗಾ ಕೇಳಿದಳು.

ಉತ್ತರ ಕೊಟ್ಟವನು ಚೀಲ, ಲಾರಿ ಎರಡನ್ನೂ ಗುತ್ತಿಗೆ ಹಿಡಿದಿದ್ದ ಜಗದೇವ. ಬೆವರಿ ತೊಯ್ದುಹೋಗಿದ್ದ. "ಹೊಟ್ಟಿನ ಜೋಡಿ ಉಸುಕೂ ತುಂಬಿದ್ವಿರಿ ಮೇಡಂ. ಹೆಣದ ತೂಕ ಬರೋಬ್ಬರಿ ಬರಬೇಕಂತ ಸಾಹೇಬ್ರ ಆರ್ಡರ್ ಇತ್ತು."

"ಡ್ರಿಲ್ ಅಂದ್ರ ಡ್ರಿಲ್ ಹಂಗ ಆಗಬೇಕಲ್ರಿ," ಎಂದ ಸಿದ್ದಲಿಂಗ. ಹಾಗೆನ್ನುವಾಗ ನಕ್ಕನೋ ಏನೋ, ಕರ್ಚೀಫಿನ ಹಿಂದೆ ಕಾಣಲಿಲ್ಲ.

ಶಿವಗಂಗಾ ಎರಡು ಹೆಜ್ಜೆ ಆಚೆ ಸರಿದಳು. ವಾಸನೆಗಲ್ಲ, ಹೆಣದ ವಾಸನೆ ಅವಳಿಗೆ ಹಳೆಯದು. ಈ ಮನುಷ್ಯನ ಪಕ್ಕದಲ್ಲಿ ನಿಲ್ಲುವುದೇ ಅಸಹ್ಯವಾಗಿತ್ತು.

ಡಾಕ್ಟರ್ ಹಮೀದಾಬೇಗಂ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. "ತಂಪಿನ್ಯಾಗ ಇಟ್ಟಾರ ಇವರ್ನ. ಅದಕ್ಕ ಇನ್ನೂ ಮೈ ಬಿಟ್ಟಿಲ್ಲ. ಕೂತ ಕೂತಲ್ಲೇ ಸೆಟದಾರ ನೋಡ್ರಿ."

"ಚೀಲದಾಗ ತುರುಕಿದಾಗ ಹಿಂಗ ಆಗಿರಬಹುದಲ್ರಿ?" ಶಿವಗಂಗಾ ಕೇಳಿದಳು.

"ತುರುಕಿದ್ರ ಹಿಂಗ ಆಗಂಗಿಲ್ಲ. ಬೆನ್ನು ನೆಟ್ಟಗ ಅದ, ಕಾಲು ಒಂದರ ಮ್ಯಾಲ ಒಂದು. ಯಾರೋ ಗ್ವಾಡಿಗಿ ಆನಿಸಿ, ಜತನದಿಂದ ಕೂಡಿಸ್ಯಾರ."

ಸತ್ತವನು ಯಾರೆಂಬುದು ಎಲ್ಲರಿಗೂ ಗೊತ್ತೇ ಇತ್ತು. ನೆಲೋಗಿಯ ವಿಶ್ವಾರಾಧ್ಯ ಅಯ್ಯನವರು. ಆ ಕಡೆಯ ಲಿಂಗಾಯತರ ಮನೆಗಳಲ್ಲಿ ಯಾರೇ ತೀರಿಕೊಳ್ಳಲಿ, ಹೆಣವನ್ನು ಕೂಡಿಸಿ, ವಿಭೂತಿ ಬಳಿದು, ಅಂಗೈಗೆ ಇಷ್ಟಲಿಂಗ ಕೊಟ್ಟು ಮಣ್ಣಿಗಿಳಿಸುವವರು ಅವರೇ. ಡ್ರಿಲ್ಲಿನ ಹಿಂದಿನ ದಿನ, ಅಂದರೆ ಮೊನ್ನೆ, ಜೇವರ್ಗಿಯಲ್ಲಿ ಮೇಲಧಿಕಾರಿಗಳಿಗೆ ತಂಪು ಲಾರಿ ತೋರಿಸುವ ಕಾರ್ಯಕ್ರಮವಿತ್ತು. ಅಯ್ಯನವರು ಅಲ್ಲಿಗೆ ಹೋಗಿ, ನಿಮ್ಮ ಚೀಲ ಮಲಗುವ ಹೆಣಕ್ಕೆ ಮಾತ್ರ ಹೊಲಿದದ್ದು, ನಮ್ಮವರನ್ನು ಎಲ್ಲಿ ಕೂಡಿಸುತ್ತೀರಿ ಎಂದು ಕೇಳಿದ್ದರು. ಕೂತ ಘಟಕಕ್ಕೆ ಆಳ ಹೆಚ್ಚು ಬೇಕು, ಗುಂಡಿ ದಂಡ ಎಂದು ಸಿದ್ದಲಿಂಗ ನಕ್ಕಿದ್ದ. ಅಲ್ಲಿಂದಾಚೆ ಅಯ್ಯನವರನ್ನು ಕಂಡವರಿಲ್ಲ.

"ಎಡಗೈ ಮುಷ್ಟಿ ನೋಡ್ರಿ," ಎಂದರು ಡಾಕ್ಟರ್.

ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಳಗೆ ಕಪ್ಪಗೆ ಮಿನುಗುವ ಇಷ್ಟಲಿಂಗ.

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಅಣವೀರಪ್ಪ ಟೊಪ್ಪಿಗೆ ತೆಗೆದು ಕೈ ಮುಗಿದ. ವಯಸ್ಸಿನಲ್ಲಿ ಶಿವಗಂಗಾಳ ಅಪ್ಪನ ಓರಗೆಯವನು. ಜೇವರ್ಗಿಯಲ್ಲೂ ಇಲ್ಲಿಯೂ ಡ್ರಿಲ್ಲಿನ ಬಂದೋಬಸ್ತಿಗೆ ಅವನನ್ನೇ ಹಾಕಿದ್ದರು. ಅವನ ಕಣ್ಣು ತುಂಬಿದ್ದನ್ನು ಕಂಡು ಶಿವಗಂಗಾಗೆ ಸ್ವಲ್ಪ ಸಮಾಧಾನವಾಯಿತು. ಈ ಗೋದಾಮಿನಲ್ಲಿ ಒಬ್ಬನಾದರೂ ಮನುಷ್ಯ ಇದ್ದಾನಲ್ಲ ಎನಿಸಿತು.

ಹೆಣ ಶವಾಗಾರಕ್ಕೆ ಹೋಯಿತು. ಶಿವಗಂಗಾ ಹೊರಗೆ ನಿಲ್ಲಿಸಿದ್ದ ತಂಪು ಲಾರಿ ಹತ್ತಿದಳು.

ಒಳಗೆ ಫಿನಾಯಿಲಿನ ಘಾಟು. ಇವತ್ತೇ ತೊಳೆದಿದ್ದರು. ತೊಳೆದವರು ಅವಸರದಲ್ಲಿದ್ದರೆಂದು ಕಾಣುತ್ತದೆ, ಮೂಲೆಯ ತಗಡಿನ ಸಂದಿಯಲ್ಲಿ ಏನೋ ಹೊಳೆಯಿತು. ಪೆನ್ನಿನ ತುದಿಯಿಂದ ಎಬ್ಬಿಸಿದಳು. ಬೆಳ್ಳಿಯ ಕರಡಿಗೆ! ಲಿಂಗಾಯತರು ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಡಬ್ಬಿ. ಅದನ್ನು ಕೊರಳಿಗೆ ಕಟ್ಟುವ ಶಿವದಾರ ಹರಿದಿತ್ತು. ಮುಚ್ಚಳ ತೆಗೆದರೆ ಒಳಗೊಂದು ಲಿಂಗ.

ಅವಳು ಹಾಗೇ ನಿಂತಳು. ಒಬ್ಬ ಮನುಷ್ಯನಿಗೆ ಎರಡು ಲಿಂಗ ಇರುವುದಿಲ್ಲ. ಅಷ್ಟು ಅವಳಿಗೂ ಗೊತ್ತಿತ್ತು.

ಲಾರಿಯಿಂದ ಇಳಿಯುವಾಗ ಬಾಗಿಲನ್ನು ಒಮ್ಮೆ ಎಳೆದು ನೋಡಿದಳು. ಹೊರಗೆ ಹಿಡಿಕೆಯಿತ್ತು, ಒಳಗಡೆ ಇರಲಿಲ್ಲ. ಹೆಣಗಳಿಗೆ ಹಿಡಿಕೆ ಯಾಕೆ ಬೇಕು?

ಗಂಗಾಬಾಯಿ ಬಸ್ಸಿಳಿದು ನೇರ ಗೋದಾಮಿಗೆ ಬಂದಳು. ಅಯ್ಯನವರ ಹೆಂಡತಿ. ಅಳಲಿಲ್ಲ. ಸೆರಗು ಬಿಗಿದುಕೊಂಡು ಸುತ್ತ ಒಮ್ಮೆ ನೋಡಿ, ಅಲ್ಲಿದ್ದ ಹೊಟ್ಟಿನ ಚೀಲಗಳ ಕಡೆ ಉಗುಳಿದಳು.

ಶಿವಗಂಗಾ ಎರಡು ಲಿಂಗಗಳನ್ನೂ ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದಳು.

"ಈ ಕರಡಿಗಿ ನಮ್ಮವರದು," ಎಂದಳು ಗಂಗಾಬಾಯಿ. "ಒಳಗಿನ ಲಿಂಗಾನೂ ಅವರದ. ದಿನಾ ಮುಂಜಾನಿ ಪೂಜಿ ಮಾಡೋದು ನೋಡೇನಿ, ನನಗ ಗುರುತು ಸಿಗಂಗಿಲ್ಲೇನ?"

"ಹಂಗಾದ್ರ ಕೈಯಾಗ ಸಿಕ್ಕಿದ್ದು ಯಾರದಮ್ಮ?"

ಗಂಗಾಬಾಯಿ ಬಗ್ಗಿ ಆ ಲಿಂಗವನ್ನು ಹತ್ತಿರದಿಂದ ನೋಡಿದಳು. "ಯಾರೋ ತನ್ನದ ಬಿಚ್ಚಿ ಕೊಟ್ಟಾನ ತಾಯಿ. ಇವರದು ಕೊರಳಾಗ ಇರಲಿಲ್ಲ ನೋಡು, ಬರಿಗೈಲೆ ಹೋಗಬಾರದು ಅಂತ ತನ್ನ ಲಿಂಗ ಇಟ್ಟಾನ."

"ಕೊಂದವ ಹಂಗ ಮಾಡ್ತಾನೇನಮ್ಮ?"

"ಅದು ನನಗ ಗೊತ್ತಿಲ್ಲ. ಒಂದು ಮಾತು ಹೇಳ್ತೇನಿ ಕೇಳು. ಲಿಂಗ ಕೊರಳಾಗಿಂದ ಹೋದ್ರ ಗುರುಗಳ ಕೈಲಿಂದ ಹೊಸಾದು ಕಟ್ಟಿಸ್ಕೊಳ್ಳೋತನ ಅನ್ನ ಮುಟ್ಟಂಗಿಲ್ಲ, ನೀರೂ ಮುಟ್ಟಂಗಿಲ್ಲ. ಈಗಿನ ಮಂದಿ ಎಲ್ಲಿ ಪಾಲಸ್ತಾರ ಅಂತಿ? ಖರೆ. ಆದ್ರ ಸತ್ತವರಿಗಿ ತನ್ನದ ಬಿಚ್ಚಿ ಕೊಡೋವ ಪಾಲಸೋವನ ಇರ್ತಾನ. ಆ ಪುಣ್ಯಾತ್ಮ ಎಲ್ಲ್ಯರ ಉಪವಾಸ ಕುಂತಿರ್ತಾನ ನೋಡು."

ಪುಣ್ಯಾತ್ಮ! ಗಂಡನ ಹೆಣ ಚೀಲಕ್ಕೆ ಹಾಕಿದವರ ಜೊತೆ ಇದ್ದವನನ್ನು ಈ ಹೆಂಗಸು ಹಾಗೆ ಕರೆಯಬಲ್ಲಳು. ಶಿವಗಂಗಾಗೆ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ.

"ಇವರನ್ನ ಯಾವಾಗ ಕೊಡ್ತಿ?" ಗಂಗಾಬಾಯಿ ಕೇಳಿದಳು. "ನಮ್ಮ ಹೊಲದಾಗ ಮಾವನ ಸಮಾಧಿ ಬಾಜೂಕ ತೋಡ್ಸಾಕತ್ತಾರ. ಹೊತ್ತು ಮುಳುಗೋದರೊಳಗ ಕೂಡಿಸಬೇಕು."

ಅಷ್ಟರಲ್ಲಿ ಸಿದ್ದಲಿಂಗ ಫೋನು ಕಿವಿಯಿಂದ ಇಳಿಸಿ ಬಂದ. "ಅದು ಆಗಂಗಿಲ್ರಿ. ಯೋಜನೆ ಪ್ರದೇಶದಾಗ ಸಿಕ್ಕ ಘಟಕ, ಸೋಂಕಿನ ಭಯ ಅದ. ಗೈರಾಣದಾಗ ಕಟಗಿ ಹೊಂದಸಾಕತ್ತೇವಿ. ಸುಡೋದ ರೀ."

ಸುಡುವುದು! ಗಂಗಾಬಾಯಿಯ ಮುಖ ಬಿಳಿಚಿತು. "ಅಯ್ಯನೋರ್ನ ಸುಡ್ತೀರಿ? ಹುಟ್ಟಿದಾಗಿಂದ ಎಷ್ಟ ಮಂದೀನ ಕೂಡಿಸಿ ಮಣ್ಣ ಕೊಟ್ಟವರ್ನ ಬೆಂಕಿಗಿ ಹಾಕ್ತೀರೇನ್ರೋ?"

"ಯುದ್ಧ ಬಂದ್ರ ಯಾರ ಜಾತಿ, ಯಾರ ಪದ್ಧತಿ ನೋಡ್ಕೋತ ಕೂಡಾದ ಆಗ್ತದೇನಮ್ಮ?"

"ಎಲ್ಲಿ ಅದ ಯುದ್ಧ?" ಎಂದಳು ಶಿವಗಂಗಾ. "ತೋರಸ್ರಿ, ಎಲ್ಲಿ ಅದ?"

ಅವನು ಫೋನನ್ನು ಅವಳ ಕೈಗಿತ್ತ. ಆ ಕಡೆ ಅವಳದೇ ಮೇಲಧಿಕಾರಿ. ಸಂಜೆಯೊಳಗೆ ಒಬ್ಬ ಆರೋಪಿಯ ಹೆಸರು ಕೊಟ್ಟರೆ ಹೆಣ ಪೊಲೀಸರ ಬಳಿಯೇ ಇರುತ್ತದೆ, ಇಲ್ಲದಿದ್ದರೆ ಯೋಜನೆಯವರಿಗೆ ಬಿಟ್ಟುಕೊಡು ಎಂಬ ಅಪ್ಪಣೆ. ಆ ನಯವಾದ ದನಿ ಕಿವಿಗೆ ಅಂಟಿಕೊಂಡಂತಾಗಿ ಶಿವಗಂಗಾ ಫೋನನ್ನು ಪ್ಯಾಂಟಿಗೆ ಒರೆಸಿ ವಾಪಸು ಕೊಟ್ಟಳು.

ಆಮೇಲೆ ಅವಳು ಮಾಡಿದ ಕೆಲಸ ಯಾವ ಪೊಲೀಸ್ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಊಟ ತರಿಸಿದಳು.

ಗೋದಾಮಿನ ನೆರಳಿನಲ್ಲಿ ಚಾಪೆ ಹಾಸಿಸಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಮುಂಜಾನಿಂದ ಎಲ್ಲಾರೂ ಹಸದೀರಿ. ಉಂಡ ಮ್ಯಾಲ ಹೇಳಿಕಿ ತಗೋತೇನಿ. ಕೂಡ್ರಿ," ಎಂದಳು. ಮೊನ್ನೆ ಲಾರಿಯ ಬಳಿ ಇದ್ದವರೆಲ್ಲ ಲಿಂಗಾಯತರೇ. ಯಾರು ತಟ್ಟೆ ಸರಿಸುತ್ತಾರೋ ನೋಡೋಣ ಎಂದು ಕಂಬಕ್ಕೆ ಒರಗಿ ನಿಂತಳು.

ಜಗದೇವ ತಟ್ಟೆ ಮುಂದೆ ಕೂತ. ರೊಟ್ಟಿ ಮುರಿದ. ಬಾಯಿಗೆ ಒಯ್ಯಲಿಲ್ಲ.

ಶಿವಗಂಗಾ ಕಂಬ ಬಿಟ್ಟು ಮುಂದೆ ಬಂದಳು. "ಯಾಕ್ರಿ ಜಗದೇವ, ಊಟ ಸೇರವಲ್ದೇನು?"

"ವಾಸನಿ ಮೂಗಿನ್ಯಾಗ ಕುಂತದ್ರಿ ಮೇಡಂ." ಅವನು ಲೋಟ ಎತ್ತಿ ಗಟಗಟ ನೀರು ಕುಡಿದ. ಒಂದು ತುತ್ತು ನುಂಗಿದ. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಗೋದಾಮಿನ ಹಿಂದಕ್ಕೆ ಓಡಿದ. ಕಾರಿಕೊಳ್ಳುವ ಸದ್ದು ಕೇಳಿಸಿತು.

ನೀರು ಕುಡಿದನಲ್ಲ. ಹಾಗಾದರೆ ಇವನಲ್ಲ.

ಸಿದ್ದಲಿಂಗ ಮಾತ್ರ ಮದುವೆ ಮನೆಯಲ್ಲಿ ಕೂತವನ ಹಾಗೆ ಉಣ್ಣುತ್ತಿದ್ದ. ರೊಟ್ಟಿ ಮುರಿದು, ಎಣ್ಣೆಗಾಯಿಯ ಮಸಾಲೆ ಬಳಿದು, ಬೆರಳು ನೆಕ್ಕಿ, ಇನ್ನೊಂದು ರೊಟ್ಟಿ ಕೇಳಿ, ಮತ್ತೊಂದು ಕೇಳಿ. ಕೈಗೆಟುಕುವ ದೂರದಲ್ಲೇ ಹೆಣ ತೆಗೆದ ಖಾಲಿ ಚೀಲ ಬಿದ್ದಿತ್ತು.

"ರೊಟ್ಟಿ ಭಾಳ ಮಸ್ತ್ ಅವ ಮೇಡಂ. ಯಾವ ಖಾನಾವಳಿ?"

"ನಿಮಗ ಹೇಸಿಗಿ ಬರಂಗಿಲ್ಲೇನ್ರಿ?"

"ಹೇಸಿಗಿ ಯಾಕ್ರಿ? ನಾ ಏನು ಮಾಡೇನಿ?" ಮೊಸರು ಸುರಿದುಕೊಂಡ. "ಆ ಮುದುಕ ಅವತ್ತು ಗದ್ದಲ ಮಾಡಿದ, ಹೊರಗ ಒಯ್ರಿ ಅಂತ ಹೇಳ್ದೆ. ಹೊರಗ ಒಯ್ದವ್ರು ಎಲ್ಲಿಗಿ ಒಯ್ದ್ರು, ಏನು ಮಾಡಿದ್ರು, ಅದು ನಿಮ್ಮ ಇಲಾಖಿಗಿ ಗೊತ್ತಿರಬೇಕು."

"ನಮ್ಮ ಇಲಾಖಿಗಿ?"

"ಬಂದೋಬಸ್ತ್ ನಿಮ್ಮದ ಇತ್ತಲ್ರಿ." ಆರಾಮಾಗಿ ರೊಟ್ಟಿಯ ಇನ್ನೊಂದು ಚೂರು ಮುರಿದ. "ಗಡಿಬಿಡಿ ಏನದ, ಕೂಡ್ರಿ. ಇನ್ನೊಂದೀಟು ಪಲ್ಯಾ ಹಾಕಸ್ರಿ."

ಪಲ್ಯ ಬಡಿಸಲು ಅಣವೀರಪ್ಪ ಬಗ್ಗಿದ. ಬಡಿಸುತ್ತಿದ್ದವನು ಅವನೇ. ಊಟ ಬಂದಾಗಿನಿಂದ ಅವನೇ ಓಡಾಡಿ ಎಲ್ಲರಿಗೂ ಬಡಿಸುತ್ತಿದ್ದ.

ಅವನ ತುಟಿ ಒಣಗಿ ಬಿರಿದಿತ್ತು.

ಬೆಳಿಗ್ಗೆ ಅವನಿಗೆಂದು ಕಟ್ಟಿಸಿದ ಮಂಡಕ್ಕಿ ಸುಸಲಾದ ಪೊಟ್ಟಣ ಇನ್ನೂ ಜೀಪಿನ ಸೀಟಿನ ಮೇಲೇ ಇದ್ದದ್ದು ಶಿವಗಂಗಾಗೆ ನೆನಪಾಯಿತು. ನಿನ್ನೆ ಚಹಾ ಕೊಟ್ಟರೆ, "ಒಲ್ಲೆರಿ ಮೇಡಂ, ಪಿತ್ತ ಆಗ್ಯದ" ಎಂದಿದ್ದ. ಉರಿಬಿಸಿಲಿನಲ್ಲಿ ಗುಂಡಿಯ ದಂಡೆಗೆ ನಿಂತವನು ನೀರಿನ ಬಾಟಲಿ ಮುಟ್ಟಿರಲಿಲ್ಲ. ಎಲ್ಲವನ್ನೂ ಅವಳು ಕಣ್ಣಾರೆ ಕಂಡಿದ್ದಳು. ವಯಸ್ಸಾದವನು, ದಣಿದಿದ್ದಾನೆ ಎಂದುಕೊಂಡು ಸುಮ್ಮನಾಗಿದ್ದಳು.

"ಅಣವೀರಪ್ಪನೋರೆ, ಇಲ್ಲಿ ಬರ್ರಿ."

ಜೀಪಿನ ಮರೆಯಲ್ಲಿ ನಿಂತು ನೀರಿನ ಬಾಟಲಿ ಅವನ ಮುಂದೆ ಹಿಡಿದಳು. "ಕುಡೀರಿ."

ಅವನು ಬಾಟಲಿ ನೋಡಿದ, ಅವಳ ಮುಖ ನೋಡಿದ. ಕೈ ತಾನಾಗಿ ಎದೆಗೆ ಹೋಯಿತು. ಖಾಕಿ ಅಂಗಿಯ ಮೇಲೆ ಏನನ್ನೋ ತಡಕಾಡಿ, ಸಿಗದೆ, ಕೆಳಗಿಳಿಯಿತು.

"ಕೊಟ್ಟವ ನಾನ ರೀ ಮೇಡಂ."

ಶಿವಗಂಗಾ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು.

"ದೊಡ್ಡ ಸಾಹೇಬ್ರು ಬರೋ ಹೊತ್ತಾಗಿತ್ರಿ," ಅಣವೀರಪ್ಪನ ದನಿ ಬತ್ತಿತ್ತು. "ಅಯ್ಯನೋರು ಲಾರಿ ಮುಂದ ಕುಂತಬಿಟ್ರು, ಏಳವಲ್ರು. ಈಟೊತ್ತು ಒಳಗ ಹಾಕು ಅಂದ್ರು ಸಿದ್ದಲಿಂಗ ಸಾಹೇಬ್ರು. ಎಳದಾಡೋ ಮುಂದ ಶಿವದಾರ ಹರದಿರಬೇಕ್ರಿ, ನಾ ನೋಡ್ಲಿಲ್ಲ. ಒಳಗ ಹಾಕಿ ಬಾಗಿಲ ಹಾಕ್ದೆ. ತಂಪಿನ ಮಷೀನ್ ಬಂದ್ ಇತ್ರಿ ಮೇಡಂ, ನನ್ನ ಮಕ್ಕಳ ಆಣಿ, ಬಂದ್ ಇತ್ತು."

"ಆಮ್ಯಾಲ?"

"ದೊಡ್ಡ ಸಾಹೇಬ್ರಿಗಿ ತೋರಸಾಕ ಜಗದೇವ ಹೊರಗಿಂದ ಮಷೀನ್ ಚಾಲೂ ಮಾಡ್ಯಾನ. ಬಾಗಿಲ ಯಾರೂ ತಗೀಲಿಲ್ಲ. ಅವ್ರೆಲ್ಲ ಹೋದ ಮ್ಯಾಲ ನಾ ಓಡಿಹೋಗಿ ತಗದೆ. ಅಯ್ಯನೋರು ಥಂಡ್ ಬಿದ್ದಿದ್ರು. ನಮ್ಮ ಅವ್ವನ್ನ ಮಣ್ಣ ಮಾಡಿದ ಕೈ ರೀ ಅವು..." ಅವನು ಬಿಕ್ಕಿದ. "ಹೋಗಿಬಿಟ್ಟಾರ ಅಂತ ಗ್ವಾಡಿಗಿ ಆನಿಸಿ ಕೂಡಿಸ್ದೆ. ಕೊರಳಾಗ ಲಿಂಗ ಇರಲಿಲ್ಲ. ನಂದ ಬಿಚ್ಚಿ ಕೈಯಾಗ ಇಟ್ಟೆ."

"ನನಗ ಫೋನ್ ಮಾಡಬೇಕಿತ್ತಲ್ರಿ! ಎರಡು ದಿನ ನನ್ನ ಬಾಜೂಕ ನಿಂತು ಸುಮ್ಮಕಿದ್ರೆಲ್ರಿ!"

"ಸಿದ್ದಲಿಂಗ ಸಾಹೇಬ್ರು, ಜಗದೇವ ಬಂದು, ಬಾಗಿಲ ಹಾಕಿದ್ದು ನಿನ್ನ ಕೈ ಅಂತ ಅಂಜಿಸಿದ್ರು ರೀ. ಹೊರಗ ಕಳಿಸಿದ್ರು. ವಾಪಸ್ ಬರೋದ್ರಾಗ ಅಯ್ಯನೋರು ಇರಲಿಲ್ಲ, ಬರೇ ಚೀಲ ಇದ್ವು."

ಇಷ್ಟು ದಿನ ಅಪ್ಪನಂತೆ ಕಂಡ ಮನುಷ್ಯ. ಅವನ ಮೇಲೆ ಹೇಸಿಗೆ ಹುಟ್ಟಿತು, ಅದರ ಬೆನ್ನಿಗೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು. "ಚೀಲಕ್ಕ ಹಾಕಿ ಚೈನ್ ಎಳದವ್ರು ಯಾರು? ಸಿದ್ದಲಿಂಗನೋ, ಜಗದೇವನೋ?"

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಡಾಕ್ಟರ್ ಹಮೀದಾಬೇಗಂ. ಶಿವಗಂಗಾ ಸ್ಪೀಕರ್ ಹಾಕಿದಳು.

"ಮೇಡಂ, ಆ ಮುಷ್ಟಿ ನನ್ನ ಮನಸಿನ್ಯಾಗ ಕೊರ್‍ಯಾಕತ್ತಿತ್ತು. ಸತ್ತವರ ಕೈಯಾಗ ಏನರ ಇಟ್ರ ಬೆರಳು ಅಷ್ಟು ಬಿಗಿ ಹಿಡ್ಯಂಗಿಲ್ಲ. ಅದಕ್ಕ ಬಲಗೈ ಉಗುರು ನೋಡ್ದೆ. ಉಗುರಿನ್ಯಾಗ ಬಿಳಿ ಪ್ಲಾಸ್ಟಿಕ್ ಅದ. ಚೀಲದ್ದು. ಒಳಗಿಂದ ಕೆರದಾರ."

"ಅಂದ್ರ...?"

"ಲಿಂಗ ಕೈಯಾಗ ಇಟ್ಟಾಗ ಜೀವ ಇತ್ತು. ಚೀಲಕ್ಕ ಹಾಕಿದಾಗೂ ಇತ್ತು."

ಅಣವೀರಪ್ಪ ಜೀಪಿನ ಗಾಲಿಗೆ ಬೆನ್ನು ಕೊಟ್ಟು ಮೆಲ್ಲಗೆ ಕುಸಿದ. ತನ್ನ ಎಡಗೈಯನ್ನೇ ನೋಡುತ್ತ ಕೂತ.

"ಹಲೋ? ಇನ್ನೊಂದ್ರಿ ಮೇಡಂ," ಡಾಕ್ಟರ್ ಹೇಳುತ್ತಲೇ ಇದ್ದರು. "ಇಷ್ಟು ಬರ್ಕೊಳ್ಳಾಕ ನಾ ಒಳಗ ಹೋಗಿದ್ದೆ. ಅಷ್ಟರಾಗ ನಿಮ್ಮ ಲಾರಿ ಬಂದು ಹೆಣಾ ಒಯ್ದದಂತ. ಇನ್ನೀಟು ಕೆಲಸ ಬಾಕಿ ಇತ್ತು, ಯಾಕಿಷ್ಟು ಜಲ್ದಿ ಮಾಡಿದ್ರಿ?"

"ನಾ ಯಾವ ಲಾರೀನೂ ಕಳಿಸಿಲ್ಲ!"

ಶಿವಗಂಗಾ ತಿರುಗಿ ನೋಡಿದಳು. ತಂಪು ಲಾರಿ ನಿಂತಿದ್ದ ಜಾಗ ಖಾಲಿ. ಕಾರಿಕೊಳ್ಳಲು ಗೋದಾಮಿನ ಹಿಂದೆ ಹೋದ ಜಗದೇವ ವಾಪಸು ಬಂದೇ ಇರಲಿಲ್ಲ. ಎದುರಿಗೆ ಚಾಪೆಯ ಮೇಲೆ ಸಿದ್ದಲಿಂಗ ಇನ್ನೂ ಉಣ್ಣುತ್ತಿದ್ದ. ಆ ರೊಟ್ಟಿಯ ಮೇಲೆ ರೊಟ್ಟಿ, ಆ ಪಲ್ಯ, ಆ ನಿಧಾನ, ಅವಳನ್ನು ಇಲ್ಲಿ ನಿಲ್ಲಿಸಿಕೊಳ್ಳಲು! ಬಲೆ ಹಾಕಿದ್ದು ಅವಳು, ಆ ಬಲೆಯಲ್ಲಿ ಇಷ್ಟು ಹೊತ್ತು ಸಿಕ್ಕಿಬಿದ್ದಿದ್ದವಳೂ ಅವಳೇ.

ಸಿದ್ದಲಿಂಗ ತಟ್ಟೆಯಲ್ಲೇ ಕೈ ತೊಳೆದು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡ.

ಗೋದಾಮಿನ ಬಾಗಿಲಲ್ಲಿ, ಬಿಳಿ ಬಟ್ಟೆಯ ಮೇಲಿಂದ ಎತ್ತಿಕೊಂಡ ಗಂಡನ ಬೆಳ್ಳಿ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು ಗಂಗಾಬಾಯಿ ನಿಂತಿದ್ದಳು. ಅವಳ ಕಣ್ಣು ದೂರದ ಗೈರಾಣದ ಕಡೆ ನೆಟ್ಟಿತ್ತು.

"ತಂಗಿ," ಎಂದಳು ಅವಳು ಮೆಲ್ಲಗೆ, "ಅಲ್ಲಿ ಅದೇನ ಹೊಗಿ ಎದ್ದದ?"